ಹಿಂದುಮುಂದಾದ ಗಾಜು

ತ್ಬಿಲಿಸಿಯ ಒಣ ಸೇತುವೆಯ ಮೇಲೆ, ಶನಿವಾರ,
ಬಾದ್ರಿ ಹಾಸಿದ ಕಂಬಳಿಯಲ್ಲಿ
ಪದಕಗಳು, ಚಮಚಗಳು, ಯಾರದೋ ಹಲ್ಲಿನ ಸೆಟ್ಟು,
ನಡುವೆ ಇದು:
ಸೇರಿನ ಗಾತ್ರದ ಹಿತ್ತಾಳೆ, ಕೈಗೆ ಕಲ್ಲಿನ ಭಾರ.
‘ಆರುನೂರು. ಒಂದು ವಾರ ಇಟ್ಟುಕೋ,
ಹಿಡಿಸದಿದ್ದರೆ ವಾಪಸು ತಾ.
ಒಡೆದರೆ ಮಾತ್ರ ನಿನ್ನದೇ.’

ಹಲ್ಲು ನೋಡಿ ಎತ್ತು ಕೊಳ್ಳುವವರಂತೆ
ಕಿಟಕಿಯ ಬಳಿ ತಿರುಗಿಸಿ ತಿರುಗಿಸಿ ನೋಡಿದೆ.
ಅಂಚಿನಲ್ಲೊಂದು ಮುಕ್ಕು, ಅಕ್ಕಿಕಾಳಿನಷ್ಟು. ಪರವಾಗಿಲ್ಲ.
ಒಳಗೊಂದು ಗುಳ್ಳೆ: ಕುಲುಮೆಯಲ್ಲಿ ಸಿಕ್ಕಿಬಿದ್ದ
ನೂರೈವತ್ತು ವರ್ಷ ಹಳೆಯ ಒಂದು ತೊಟ್ಟು ಗಾಳಿ.
ಅದೂ ಪರವಾಗಿಲ್ಲ.
ಬೂಷ್ಟಿಲ್ಲ. ಗೀರುಗಳಿವೆ,
ಅಂಗಿಯ ತುದಿಯಲ್ಲಿ ಒರೆಸಿದವರು ಬಿಟ್ಟುಹೋದವು.
ಮಾಡಿದವನ ಹೆಸರಲ್ಲಿ ಉಳಿದದ್ದು ಕೊನೆಯ ಮೂರಕ್ಷರ,
ಊರಿನ ಹೆಸರು ಮಾತ್ರ ಪೂರಾ: ವಿಯೆನ್ನಾ.

ದೀಪ ಆರಿಸಿ, ಮೇಣದಬತ್ತಿ ಹಚ್ಚಿ
ಗಾಜಿನೊಳಗಿನ ಜ್ವಾಲೆಗಳನ್ನು ಎಣಿಸಿದೆ.
ಮುಂದಿನ ಜೋಡಿಯಲ್ಲಿ ಎರಡು ಪ್ರಖರ, ಒಂದು ಮಂಕು:
ಅಂಟು ಇನ್ನೂ ಹಿಡಿದಿದೆ.
ಹಿಂದಿನದರಲ್ಲಿ ನಾಲ್ಕು. ಲೆಕ್ಕ ಸರಿ.
ಸರಿಯಾದ ಲೆಕ್ಕವೇ ದಾರಿ ತಪ್ಪಿಸಿತೆಂದು ಆಮೇಲೆ ತಿಳಿಯಿತು.

ಷಟರ್ ಇಲ್ಲ; ಅಪ್ಪನ ಉಣ್ಣೆ ಟೋಪಿಯೇ ಷಟರ್.
ಬೆಳಕು ತಗ್ಗಿಸುವ ತಗಡುಗಳು ಎಲ್ಲಿ ಕಳೆದವೋ;
ಚಹಾ ಡಬ್ಬಿ ಕತ್ತರಿಸಿ ಒಂದು ಮಾಡಿಕೊಂಡೆ.

ಮೊದಲು ಗೋಡೆ. ಎದುರುಮನೆಯ ಇಟ್ಟಿಗೆ ಗೋಡೆ
ಕಣ್ಣು ಮಿಟುಕಿಸುವುದಿಲ್ಲ, ಬೇಸರವೆನ್ನುವುದಿಲ್ಲ.
ಕರಿಬಟ್ಟೆಯೊಳಗೆ ತಲೆ ತೂರಿಸಿ, ತಿದಿ ಹಿಗ್ಗಿಸಿ,
ತಲೆಕೆಳಗಾದ ಇಟ್ಟಿಗೆಗಳ ಮೇಲೆ ಭೂತಗನ್ನಡಿ ಊರಿದರೆ
ನಟ್ಟನಡುವಿನ ಇಟ್ಟಿಗೆಗೂ ಅಂಚಿಲ್ಲ.
ಮಂಜಲ್ಲ ಅದು. ಯಾರೋ ಬೆಣ್ಣೆ ಸವರಿದ್ದಾರೆ.
ಮೂಲೆಗಳಂತೂ ಸುಳಿಗೆ ಸಿಕ್ಕ ಎಲೆಗಳು.

ಮೂಲೆ ಹಾಗಿರಲಿ, ಈ ಜಾತಿಗೆ ಮೂಲೆಯ ಗೊಡವೆಯಿಲ್ಲ.
ನಡು ಹಾಗಿರಬಾರದು.

ಕೆಳಮನೆಯ ಲಮಾರಾ ಬಂದು ಕೂತಳು.
ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವಳು;
ಹಳಿ ಕಿತ್ತು ಎಷ್ಟೋ ಕಾಲವಾದರೂ ತಿರುವು ಬಂದರೆ
ಕಾಲು ತಾನಾಗಿ ಗಂಟೆಯ ಪೆಡಲು ಹುಡುಕುತ್ತದೆ.
‘ಎಷ್ಟು ಹೊತ್ತು ಅಲ್ಲಾಡಬಾರದು?’
‘ನಾಲ್ಕು ಎಣಿಸುವಷ್ಟು.’
‘ಯಾರ ನಾಲ್ಕು? ನಿನ್ನದೋ, ನನ್ನದೋ?’
ಟೋಪಿ ತೆಗೆದೆ. ಹಾಕಿದೆ.

ಆ ಚಿತ್ರದಲ್ಲಿ ಲಮಾರಾ ಚೆಲುವೆ.
ಸುಕ್ಕೆಲ್ಲ ಕೆನೆಯಡಿ ಮುಳುಗಿ
ಮೂವತ್ತರ ಹೆಂಗಸು,
ಕೊಂಚ ತೀರಿಕೊಂಡವಳು.

ಆ ರಾತ್ರಿ ಹಿಂದಿನ ಉಂಗುರ ತಿರುವಿ ಬಿಚ್ಚಿದೆ.
ಎರಡು ಗಾಜು, ನಡುವೆ ಬಳೆಯಂಥ ತೆಳು ಹಿತ್ತಾಳೆ.
ಒರೆಸಲು ತೆಗೆದವರು ಯಾರೋ, ಎಂದೋ,
ಒಂದನ್ನು ಮಗುಚಿ ಕೂರಿಸಿಬಿಟ್ಟಿದ್ದಾರೆ.
ಜ್ವಾಲೆ ಆಗಲೂ ನಾಲ್ಕೇ, ಈಗಲೂ ನಾಲ್ಕೇ.
ಈ ತಪ್ಪಿನೊಳಗಿಂದ ಎಷ್ಟು ಮದುಮಕ್ಕಳು, ಎಷ್ಟು ಸಿಪಾಯಿಗಳು
ಮೆತ್ತಗಾಗಿ ಹಾದುಹೋದರೋ.
ಯಾರೂ ದೂರು ಕೊಟ್ಟಂತಿಲ್ಲ.
ಮಗುಚಿದೆ. ಗಾಜಿನ ಅಂಚಿಗೆ
ಪೆನ್ಸಿಲಿನಲ್ಲೊಂದು ಬಾಣ ಬರೆದೆ, ಮುಂದೆ ಬಿಚ್ಚುವವರಿಗೆ.

ಗುರುವಾರ ಅದೇ ಕುರ್ಚಿ, ಅದೇ ನಾಲ್ಕು.
ಈ ಸಲ ಎಡಗಣ್ಣಿನ ರೆಪ್ಪೆಗೂದಲು ಒಂದೊಂದೂ ಸಿಗುತ್ತದೆ,
ಕಿವಿಯ ಹೊತ್ತಿಗೆ ಎಲ್ಲ ಕರಗತೊಡಗಿ
ಹೆಗಲು ಹಿಂದಿನ ಪರದೆಯೊಡನೆ ಸುತ್ತುತ್ತದೆ.
ಮೇಲ್ದುಟಿಗೆ ಅಡ್ಡಲಾಗಿ ಒಂದು ಗೀಟು.
ದಿನಾ ಮೆಟ್ಟಿಲಲ್ಲಿ ಎದುರಾಗುವ ಮುಖ;
ನಾನದನ್ನು ನೋಡಿಯೇ ಇರಲಿಲ್ಲ.

ಎರಡೂ ಪ್ರತಿ ಮುಂದಿಟ್ಟು
ಕ್ಷಮೆಯ ಮಾತೊಂದನ್ನು ಬಾಯಲ್ಲೇ ಹಿಡಿದು ನಿಂತೆ.
ಮೊದಲನೆಯದನ್ನು ದೂರ ಹಿಡಿದು,
‘ಇದನ್ನು ನನ್ನ ಗೋರಿಕಲ್ಲಿಗೆ ತೆಗೆದಿಡು,’ ಅಂದಳು.
ಎರಡನೆಯದರ ತುಟಿಯ ಮೇಲೆ ಬೆರಳಿಟ್ಟು:
‘ಇದು ಟ್ರಾಮಿನ ಮುಂಗಾಜು. ಇಳಿಜಾರು, ಹಿಮ, ಬ್ರೇಕು ಹಿಡಿಯಲಿಲ್ಲ.
ಐವತ್ತು ಜನರಿದ್ದರು, ಯಾರೂ ಸಾಯಲಿಲ್ಲ.
ಚೆನ್ನಾಗಿ ಬಂದಿದೆ.’
ಅದನ್ನೇ ಪತ್ರಿಕೆಯಲ್ಲಿ ಸುತ್ತಿ ಒಯ್ದಳು.

ಶನಿವಾರ ಬಾದ್ರಿ ಕೇಳಿದ: ‘ಏನಾದರೂ ದೋಷ?’
‘ಅಂಚಿನಲ್ಲೊಂದು ಮುಕ್ಕಿದೆ,’ ಅಂದೆ.
ಐವತ್ತು ಬಿಟ್ಟ.